ಪ್ಲಾಸ್ಟಿಕ್ಕಿಗೆ ಏನನ್ನು ಬೆರೆಸಬೇಕು: ನ್ಯಾನೊಟ್ಯೂಬೋ, ಗಾಜಿನ ಎಳೆಯೋ, ಕಾರ್ಬನ್ ಬ್ಲ್ಯಾಕೋ?

"ಉಕ್ಕಿಗಿಂತ ನೂರು ಪಟ್ಟು ಬಲ, ತೂಕವೋ ಅದರ ಆರನೇ ಒಂದು ಭಾಗ." ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿಸೂಕ್ಷ್ಮ ಕೊಳವೆಗಳ ಪುಡಿ, ಮಾರಲು ಬರುವವರ ಕರಪತ್ರಗಳಲ್ಲಿ ಈ ಸಾಲು ತಪ್ಪುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ಗಿಣಿಗೇರಾ ಸುತ್ತಿನ ಕಬ್ಬಿಣದ ಘಟಕಗಳು, ಶಕ್ತಿನಗರ ಮತ್ತು ಕುಡತಿನಿಯ ವಿದ್ಯುತ್ ಸ್ಥಾವರಗಳು, ಗಂಗಾವತಿ ಸಿಂಧನೂರಿನ ಅಕ್ಕಿ ಗಿರಣಿಗಳು: ಇವುಗಳಿಗೆಲ್ಲ ಪ್ಲಾಸ್ಟಿಕ್ ಮತ್ತು ರಬ್ಬರಿನ ಬಿಡಿಭಾಗ ಬೇಕು. ಅವನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಯವರು ಹಗಲಿರುಳು ಉಕ್ಕನ್ನೇ ನೋಡುತ್ತ ಬದುಕುವವರು. ಉಕ್ಕನ್ನು ಮೀರಿಸುವ ಪುಡಿಯೊಂದು ಚೀಲದಲ್ಲಿ ಬರುತ್ತದೆ ಎಂದರೆ ಅವರ ಕಿವಿ ನೆಟ್ಟಗಾಗುವುದು ಸಹಜ.

ಸಾಲು ಸುಳ್ಳಲ್ಲ. ಆದರೆ ಅದು ಸೂಕ್ಷ್ಮದರ್ಶಕದಡಿಯಲ್ಲಿ ಹಿಡಿದು ಎಳೆದ ಒಂದೇ ಒಂದು ಕೊಳವೆಯ ಮಾತು. ನೀವು ಕೊಳ್ಳುವುದು ನೂರರಲ್ಲಿ ಎರಡು ಮೂರು ಪಾಲು ಅಂಥ ಕೊಳವೆ, ಉಳಿದದ್ದೆಲ್ಲ ನಿಮ್ಮ ಹಳೆಯ ಪ್ಲಾಸ್ಟಿಕ್ಕೇ ಆಗಿರುವ ಮಿಶ್ರಣವನ್ನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬರೀ ಬಲಕ್ಕಾಗಿ ನ್ಯಾನೊಟ್ಯೂಬ್ ಕೊಳ್ಳಬೇಡಿ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯಬೇಕು, ಆದರೆ ಅದರ ಮೂಲ ಗುಣ ಕೆಡಬಾರದು ಎನ್ನುವ ಕಡೆ ಮಾತ್ರ ಅದಕ್ಕೆ ದುಡ್ಡು ಸುರಿಯಿರಿ. ಅಲ್ಲಿಯೂ ಪುಡಿಯಾಗಿ ಕೊಳ್ಳಬೇಡಿ. ಏಕೆಂಬುದು ಮುಂದಿದೆ.

ಆಯ್ಕೆಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ಈಗಿರುವ ಭಾಗ ಏತರಿಂದ ಹಾಳಾಗುತ್ತಿದೆ? ಬಾಗಿ ಹಾಳಾಗುತ್ತಿದೆಯೇ, ಸವೆದೇ, ಬಿಸಿಲಿಗೆ ಬಿರುಕು ಬಿಟ್ಟೇ, ಪೆಟ್ಟಿಗೆ ಒಡೆದೇ, ಇಲ್ಲವೇ ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಕಿಡಿಯ ಭಯವೇ? ಪ್ರತಿಯೊಂದು ಕಾಯಿಲೆಗೂ ಮದ್ದು ಬೇರೆ. ಒಂದೇ ಪುಡಿ ಎಲ್ಲವನ್ನೂ ವಾಸಿ ಮಾಡುತ್ತದೆ ಎನ್ನುವವರನ್ನು ಚಹಾ ಕೊಟ್ಟು ಕಳುಹಿಸಿ.

ಬಲದ ಲೆಕ್ಕ

ಮೊದಲು ಬಿಗಿತದ, ಅಂದರೆ ಬಾಗದೆ ಹಿಗ್ಗದೆ ನಿಲ್ಲುವ ಗುಣದ, ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಉಕ್ಕು ಸುಮಾರು 200 ಗಿಗಾಪಾಸ್ಕಲ್. ಎಫ್‌ಆರ್‌ಪಿ (ಗಾಜಿನ ಎಳೆ ಮತ್ತು ರಾಳದ ಪದರಗಳ) ಕೆಲಸಕ್ಕೆ ಬಳಸುವ ಸಾಮಾನ್ಯ ಇ-ಗ್ಲಾಸ್ ಗಾಜಿನ ಎಳೆ ಸುಮಾರು 72. ಸಾಧಾರಣ ದರ್ಜೆಯ ಕಾರ್ಬನ್ ಫೈಬರ್ 230. ಒಳ್ಳೆಯ ನ್ಯಾನೊಟ್ಯೂಬ್ ಸುಮಾರು 1,000. ಎಪಾಕ್ಸಿ ರಾಳ ಬರೀ 3.

ಈಗ ಎಪಾಕ್ಸಿಗೆ ಗಾತ್ರದಲ್ಲಿ ನೂರಕ್ಕೆ ಒಂದು ಪಾಲು ನ್ಯಾನೊಟ್ಯೂಬ್ ಬೆರೆಸಿದೆವು ಎಂದುಕೊಳ್ಳಿ. ಕೊಳವೆಗಳೆಲ್ಲ ನೇರವಾಗಿ, ಒಂದೇ ದಿಕ್ಕಿಗೆ, ಕೊನೆಯಿಂದ ಕೊನೆಯವರೆಗೆ ಮಲಗಿದ್ದರೆ ಅವುಗಳ ಪಾಲು 10, ರಾಳದ ಪಾಲು ಸುಮಾರು 3, ಒಟ್ಟು 13 ಗಿಗಾಪಾಸ್ಕಲ್. ನಾಲ್ಕು ಪಟ್ಟಿಗಿಂತ ಹೆಚ್ಚು! ಕರಪತ್ರದ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಕೊಳವೆಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಹರಡಿದಾಗ ಅವುಗಳ ಕೊಡುಗೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೊತ್ತ 5ರ ಆಸುಪಾಸಿಗೆ ಬರುತ್ತದೆ. ನಿಜವಾದ ಕೊಳವೆಗಳು ನೇರವೂ ಇರುವುದಿಲ್ಲ, ಸೊಟ್ಟಗೆ ಸುತ್ತಿಕೊಂಡಿರುತ್ತವೆ. ಒಂದರೊಳಗೊಂದು ಕೂತ ಹಲವು ಗೋಡೆಯ ಕೊಳವೆಯಲ್ಲಿ ಭಾರ ಹೊರುವುದು ಹೊರಗಿನ ಗೋಡೆ ಮಾತ್ರ, ಒಳಗಿನವು ಒರೆಯಿಂದ ಕತ್ತಿ ಜಾರಿದ ಹಾಗೆ ಜಾರಿಬಿಡುತ್ತವೆ. ಇದೆಲ್ಲ ಕಳೆದು ಕಾರ್ಖಾನೆಯ ಅಚ್ಚಿನಿಂದ ಹೊರಬರುವ ತುಂಡಿನಲ್ಲಿ ಉಳಿಯುವ ಲಾಭ ಹೆಚ್ಚಿನ ವೇಳೆ ಶೇಕಡಾ 10ರಿಂದ 30. ಆ ಲಾಭವೂ ಕೊಳವೆಗಳು ಚೆನ್ನಾಗಿ ಬಿಡಿಬಿಡಿಯಾಗಿ ಹರಡಿದ್ದರೆ ಮಾತ್ರ ದಕ್ಕುತ್ತದೆ.

ಬಿಗಿತ ಹಾಗಿರಲಿ, ಮುರಿಯದೆ ತಡೆಯುವ ಬಲದ ಕಥೆ ಇನ್ನೂ ಕಷ್ಟದ್ದು. ಎಳೆಯೊಂದು ತನ್ನ ಪೂರ್ಣ ಬಲ ತೋರಿಸಬೇಕಾದರೆ ಸುತ್ತಲಿನ ಪ್ಲಾಸ್ಟಿಕ್ ಅದನ್ನು ಸಾಕಷ್ಟು ಉದ್ದಕ್ಕೆ ಹಿಡಿದಿರಬೇಕು. ಉದ್ದ ಸಾಲದಿದ್ದರೆ ಎಳೆ ಮುರಿಯುವುದಿಲ್ಲ, ಕಿತ್ತು ಬರುತ್ತದೆ. 10 ನ್ಯಾನೊಮೀಟರ್ ದಪ್ಪದ, 20 ಗಿಗಾಪಾಸ್ಕಲ್ ಬಲದ ಕೊಳವೆಯನ್ನು ಪ್ಲಾಸ್ಟಿಕ್ 30 ಮೆಗಾಪಾಸ್ಕಲ್ ಅಂಟುಬಲದಿಂದ ಹಿಡಿದಿದೆ ಎಂದು ಲೆಕ್ಕ ಹಾಕಿದರೆ ಬೇಕಾಗುವ ಉದ್ದ 3 ಮೈಕ್ರಾನಿಗೂ ತುಸು ಹೆಚ್ಚು. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವ ಹಲವು ಗೋಡೆಯ ಕೊಳವೆಗಳ ಸರಾಸರಿ ಉದ್ದ 1.5 ಮೈಕ್ರಾನಿನಷ್ಟು. ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಎಕ್ಸ್‌ಟ್ರೂಡರ್ ಯಂತ್ರದ ಸ್ಕ್ರೂ ಅವನ್ನು ಅರೆದು ಇನ್ನೂ ಗಿಡ್ಡ ಮಾಡುತ್ತದೆ. ಗಾಜಿನ ಎಳೆಗೆ ಇದೇ ಲೆಕ್ಕದಲ್ಲಿ ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟು ಉದ್ದ ಬೇಕು. ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ನುಗ್ಗಿಸುವ ಕೆಲಸ) ಮುಗಿದ ಮೇಲೂ ಹೆಚ್ಚುಕಡಿಮೆ ಅಷ್ಟು ಉದ್ದ ಅದರಲ್ಲಿ ಉಳಿದಿರುತ್ತದೆ. ಬಡಪಾಯಿ ಗಾಜು ಗೆಲ್ಲುವುದು ಇಲ್ಲಿ.

ಆದ್ದರಿಂದ ಬಾಗುವ, ಹಿಗ್ಗುವ ಭಾಗಗಳಿಗೆ, ಅಂದರೆ ನೈಲಾನ್ ಗೇರು, ಬ್ರಾಕೆಟ್ಟು, ಪಂಪಿನ ಹೊರಕವಚ, ಫ್ಯಾನಿನ ರೆಕ್ಕೆ, ಇವಕ್ಕೆ ಶೇಕಡಾ 30 ಗಾಜು ಬೆರೆಸಿದ ನೈಲಾನ್ 66ಕ್ಕೆ ಸಾಟಿಯಿಲ್ಲ. ಒಣ ಸ್ಥಿತಿಯಲ್ಲಿ ನೈಲಾನಿನ ಬಿಗಿತ 3 ಗಿಗಾಪಾಸ್ಕಲಿನಿಂದ 9–10ಕ್ಕೆ ಏರುತ್ತದೆ, ಬಲ ಎರಡು ಪಟ್ಟಾಗುತ್ತದೆ. ಯಾವ ನ್ಯಾನೊಟ್ಯೂಬ್ ಮಿಶ್ರಣವೂ ಇಷ್ಟು ಕಡಿಮೆ ಬೆಲೆಗೆ ಇದರ ಹತ್ತಿರ ಬರುವುದಿಲ್ಲ. ಗಾಜಿನ ದೋಷವೆಂದರೆ ಎದುರು ತಿರುಗುವ ಶಾಫ್ಟನ್ನು ಅದು ಕೆರೆಯುತ್ತದೆ. ಅಂಥ ಕಡೆ ಕಾರ್ಬನ್ ಫೈಬರ್ ಬೆರೆಸಿದ ನೈಲಾನ್ ತೆಗೆದುಕೊಳ್ಳಿ. ದುಬಾರಿಯೇನೋ ಹೌದು, ಆದರೆ ಜಾರುಗುಣ ಒಳ್ಳೆಯದು, ತೂಕವೂ ಕಡಿಮೆ.

ಯಲಬುರ್ಗಾ, ಕುಷ್ಟಗಿಯ ಕಡೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ರೆಕ್ಕೆಗಳನ್ನು ತೋರಿಸಿ, "ಅವುಗಳಲ್ಲಿ ಇರುವುದು ನ್ಯಾನೊಟ್ಯೂಬೇ ಅಲ್ಲವೇ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಂಥ ರೆಕ್ಕೆಗಳ ಒಡಲು ಬಹುಪಾಲು ಗಾಜಿನ ಎಳೆ ಮತ್ತು ರಾಳ. ತೀರ ಉದ್ದದ ರೆಕ್ಕೆಗಳಲ್ಲಿ ಬೆನ್ನೆಲುಬಿನಂತಿರುವ ಪಟ್ಟಿಗೆ ಕಾರ್ಬನ್ ಫೈಬರ್ ಬಳಸುತ್ತಾರೆ. ಇಂಥ ಪದರದ ಕೆಲಸದಲ್ಲಿ ನ್ಯಾನೊಟ್ಯೂಬಿಗೆ ಸಿಗಬಹುದಾದ ಜಾಗ ಚಿಕ್ಕದು. ಎರಡು ಪದರಗಳ ನಡುವಿನ ರಾಳದಲ್ಲಿ ಬಿರುಕು ಹರಿದಾಡದಂತೆ ತಡೆಯುವುದು ಅದರ ಕೆಲಸ. ಅದಕ್ಕೂ ಒಂದು ತೊಡಕಿದೆ. ನಿರ್ವಾತದಲ್ಲಿ ರಾಳವನ್ನು ಬಟ್ಟೆಯೊಳಕ್ಕೆ ಎಳೆಯುವಾಗ ಗಾಜಿನ ಬಟ್ಟೆಯೇ ಜರಡಿಯಾಗಿ ಕೊಳವೆಗಳನ್ನು ಬಾಗಿಲಲ್ಲೇ ತಡೆಹಿಡಿಯುತ್ತದೆ. ಶೇಕಡಾ ಅರ್ಧದಷ್ಟು ಬೆರೆಸಿದರೂ ರಾಳ ಎಷ್ಟು ಮಂದವಾಗುತ್ತದೆ ಎಂದರೆ ಕೈಯಿಂದ ಬ್ರಷ್ ಹಿಡಿದು ಎಫ್‌ಆರ್‌ಪಿ ತೊಟ್ಟಿ ಮಾಡುವವರು ಎರಡನೇ ಪದರಕ್ಕೇ ಬೇಸತ್ತುಬಿಡುತ್ತಾರೆ.

ವಿದ್ಯುತ್ತಿನ ಲೆಕ್ಕ ಬೇರೆ

ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಈ ಕೊಳವೆಗಳ ರಚನೆಯನ್ನು ಸ್ಪಷ್ಟವಾಗಿ ತೋರಿಸಿದ ಮೇಲೆ ಜಗತ್ತಿನ ಗಮನ ಇವುಗಳ ಮೇಲೆ ಬಿತ್ತು. 1993ರಲ್ಲಿ ಒಂದೇ ಗೋಡೆಯ ಕೊಳವೆಗಳು ಕಂಡವು. 1994ರಲ್ಲಿ ಪುಳಿಕ್ಕಲ್ ಅಜಯನ್ ಮತ್ತು ಅವರ ಸಂಗಡಿಗರು ಇವನ್ನು ಎಪಾಕ್ಸಿಯಲ್ಲಿ ಬೆರೆಸಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಜಯ್ ಸೂದ್ ಅವರ ತಂಡ ಕೊಳವೆಗಳ ಮೇಲೆ ದ್ರವ ಹರಿದರೆ ವಿದ್ಯುತ್ ಒತ್ತಡ ಹುಟ್ಟುತ್ತದೆ ಎಂದು 2003ರಲ್ಲಿ ಪ್ರಕಟಿಸಿತು. ಇದು ಪ್ರಯೋಗಶಾಲೆಗಳ ಕಥೆ. ಕಾರ್ಖಾನೆಯ ಕಥೆ ಸದ್ದಿಲ್ಲದೆ ಬೇರೆಡೆ ನಡೆದಿತ್ತು. ಅಮೆರಿಕದ ಹೈಪೀರಿಯನ್ ಎಂಬ ಕಂಪನಿ ಕೊಳವೆ ಬೆರೆಸಿದ ನೈಲಾನನ್ನು ಕಾರುಗಳ ಇಂಧನ ಪೈಪಿಗೆ ಮಾರತೊಡಗಿತು. ಪೈಪು ಗಟ್ಟಿಯಾಗಲಿ ಎಂಬುದು ಅಲ್ಲಿನ ಉದ್ದೇಶವಾಗಿರಲಿಲ್ಲ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ ಕಿಡಿಯಾಗದೆ ಹರಿದುಹೋಗಬೇಕಿತ್ತು. ಇಂದಿಗೂ ಜಗತ್ತಿನಲ್ಲಿ ತಯಾರಾಗುವ ಕೊಳವೆಗಳಲ್ಲಿ ದೊಡ್ಡ ಪಾಲು ಹೋಗುವುದು ಲಿಥಿಯಂ ಬ್ಯಾಟರಿಗಳಿಗೆ, ಅಲ್ಲಿಯೂ ವಿದ್ಯುತ್ ಹರಿಸುವ ಕೆಲಸಕ್ಕೇ.

ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯಬೇಕಾದರೆ ಒಳಗಿನ ಇಂಗಾಲದ ಕಣಗಳು ಒಂದನ್ನೊಂದು ತಾಗಿಯೋ, ತಾಗುವಷ್ಟು ಸಮೀಪಿಸಿಯೋ ಈ ತುದಿಯಿಂದ ಆ ತುದಿಗೆ ದಾರಿ ಕಟ್ಟಬೇಕು. ಒಕ್ಕಣೆಯ ಕಣದಲ್ಲಿ ಜೋಳದ ಕಾಳು ಚೆಲ್ಲಿ ಅವು ಒಂದಕ್ಕೊಂದು ತಾಗುವಂತೆ ಮಾಡಲು ಚೀಲಗಟ್ಟಲೆ ಬೇಕು. ಜೋಳದ ದಂಟನ್ನು ಅಡ್ಡಾದಿಡ್ಡಿ ಎಸೆದರೆ ಒಂದು ಹೊರೆ ಸಾಕು. ಮಸಿಯಂಥ ಇಂಗಾಲದ ಪುಡಿಯಾದ ಕಾರ್ಬನ್ ಬ್ಲ್ಯಾಕ್ ಕಾಳಿನ ಜಾತಿ, ನ್ಯಾನೊಟ್ಯೂಬ್ ದಂಟಿನ ಜಾತಿ. ಹೀಗಾಗಿ ಸಾಮಾನ್ಯ ಕಾರ್ಬನ್ ಬ್ಲ್ಯಾಕ್ ಶೇಕಡಾ 15ರಿಂದ 20 ಬೇಕಾಗುವ ಪ್ಲಾಸ್ಟಿಕ್ಕಿಗೆ ಹಲವು ಗೋಡೆಯ ಕೊಳವೆ 2ರಿಂದ 4 ಸಾಕಾಗುತ್ತದೆ. ವಾಹಕ ದರ್ಜೆಯ ವಿಶೇಷ ಕಾರ್ಬನ್ ಬ್ಲ್ಯಾಕ್ ಇವೆರಡರ ನಡುವೆ ನಿಲ್ಲುತ್ತದೆ. ದ್ರವ ಎಪಾಕ್ಸಿಯಲ್ಲಿ ಜಾಗರೂಕತೆಯಿಂದ ಹರಡಿದರೆ ಕೊಳವೆ ಶೇಕಡಾ 0.1ಕ್ಕೂ ಕಡಿಮೆ ಸಾಕು.

ಇದರ ಅರ್ಥ ದುಡ್ಡು ಉಳಿಯುತ್ತದೆ ಎಂದಲ್ಲ. ಪ್ರಮಾಣ ಆರನೇ ಒಂದು ಭಾಗವಾದರೆ ಕಿಲೋ ಬೆಲೆ ಆರು ಪಟ್ಟಿನೊಳಗೆ ಇದ್ದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಕಾರ್ಬನ್ ಬ್ಲ್ಯಾಕಿನ ಬೆಲೆ ಕಿಲೋಗೆ ನೂರರ ಲೆಕ್ಕದಲ್ಲಿ, ಹಲವು ಗೋಡೆಯ ಕೊಳವೆಯದು ಸಾವಿರದ ಲೆಕ್ಕದಲ್ಲಿ, ಒಂದೇ ಗೋಡೆಯದು ಲಕ್ಷದ ಕಡೆಗೆ ಮುಖ ಮಾಡಿರುತ್ತದೆ. ಬರೀ ಕಚ್ಚಾಮಾಲಿನ ಬೆಲೆಯಲ್ಲಿ ಕೊಳವೆ ಸೋಲುತ್ತದೆ. ನೀವು ಹೆಚ್ಚು ಕೊಟ್ಟು ಕೊಳ್ಳುವುದು ಬೇರೆ ಗುಣಗಳನ್ನು. ಶೇಕಡಾ 18 ಕಾರ್ಬನ್ ಬ್ಲ್ಯಾಕ್ ತುಂಬಿದ ಪ್ಲಾಸ್ಟಿಕ್ ಅಚ್ಚಿನ ಮೂಲೆಗೆ ಹರಿಯಲು ತಕರಾರು ಮಾಡುತ್ತದೆ, ಪೆಟ್ಟು ಬಿದ್ದರೆ ಬಿಸ್ಕತ್ತಾಗುತ್ತದೆ, ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತದೆ. 3 ಪಾಲು ಕೊಳವೆ ಇರುವ ಪ್ಲಾಸ್ಟಿಕ್ ಪೆಟ್ಟು ತಾಳುವ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಮೇಲ್ಮೈ ನಯವಾಗಿರುತ್ತದೆ, ಕಪ್ಪು ಉದುರುವುದಿಲ್ಲ. ತೆಳುಗೋಡೆಯ ಭಾಗ, ಜೋಡಿಸುವ ಕೊಕ್ಕೆ ಇರುವ ಭಾಗ, ಎಲೆಕ್ಟ್ರಾನಿಕ್ ಬೋರ್ಡು ಸಾಗಿಸುವ ತಟ್ಟೆ, ಇವಕ್ಕೆ ಹೆಚ್ಚಿನ ಬೆಲೆ ಸಮರ್ಥನೀಯ. ಕಲ್ಲಿದ್ದಲು ಬಂಕರಿನ ಪಕ್ಕ ಬೋಲ್ಟು ಹಾಕಿ ಕೂರಿಸುವ ದಪ್ಪ ಹಲಗೆಗೆ ಅಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಗೋಡೆಯ ಕೊಳವೆಗೆ ಒಂದು ಮೇಲುಗೈ ಇದೆ. ನಿಯಂತ್ರಣ ಕೊಠಡಿಗಳಿಗೆ ಹಾಕುವ ಸ್ಥಾಯಿ ವಿದ್ಯುತ್ ಕೂಡದಂತೆ ತಡೆಯುವ ಎಪಾಕ್ಸಿ ನೆಲಕ್ಕೆ ಅದು ಎಷ್ಟು ಕಡಿಮೆ ಸಾಕೆಂದರೆ ನೆಲ ಬೂದು, ತಿಳಿ ಹಸಿರು ಬಣ್ಣದಲ್ಲಿ ಉಳಿಯಬಹುದು. ಕಾರ್ಬನ್ ಬ್ಲ್ಯಾಕ್ ಹಾಕಿದರೆ ಕಪ್ಪು ಬಿಟ್ಟು ಬೇರೆ ಬಣ್ಣದ ಆಸೆ ಬಿಡಬೇಕು.

ಗಣಿಗೆ, ಕಲ್ಲಿದ್ದಲಿಗೆ

ಈ ಸೀಮೆಯಲ್ಲಿ ಹೆಚ್ಚು ಕೇಳಿಬರುವುದು ಚ್ಯೂಟ್ ಲೈನರಿನ ಪ್ರಶ್ನೆ. ಅದಿರು ಬೀಳುವ ಇಳಿಜಾರಿನ ಒಳಮೈಗೆ ಏನು ಹಾಕಬೇಕು? ಸಂಡೂರಿನ ಹೆಮಟೈಟ್ ಗಟ್ಟಿ ಕಲ್ಲು, ಗಡಸುತನದ ಮೋಸ್ ಮಾಪಕದಲ್ಲಿ 5.5ರಿಂದ 6.5. ಎತ್ತರದಿಂದ ದೊಡ್ಡ ಉಂಡೆಗಳು ಬೀಳುವ ಕಡೆ ಯಾವ ಪ್ಲಾಸ್ಟಿಕ್ಕೂ ಬೇಡ. ರಬ್ಬರಿನಲ್ಲಿ ಕೂರಿಸಿದ ಅಲ್ಯೂಮಿನಾ ಟೈಲು ಇಲ್ಲವೇ ಗಟ್ಟಿ ಮಿಶ್ರಲೋಹದ ಹಲಗೆ ಹಾಕಿ. ಒದ್ದೆಯಾದ ಪುಡಿ ಅದಿರು ಅಂಟಿಕೊಂಡು ದಾರಿ ಕಟ್ಟುವ ಕಡೆ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಹಲಗೆಯೇ ಸರಿ. ಅದರ ಅಣುತೂಕ 30 ಲಕ್ಷ ದಾಟಿರುತ್ತದೆ, ಸವೆತ ಕಡಿಮೆ, ಏನೂ ಅಂಟುವುದಿಲ್ಲ. ಇದಕ್ಕೆ ನ್ಯಾನೊಟ್ಯೂಬ್ ಬೆರೆಸಿದರೆ ಸವೆತ ಕಡಿಮೆಯಾಗುತ್ತದೆ ಎಂಬ ಪ್ರಯೋಗ ಫಲಿತಾಂಶಗಳಿವೆ. ಆದರೆ ಸಂಡೂರಿನ ಮಳೆಗಾಲದ ಕೆಸರಾದ ಅದಿರಿನಲ್ಲಿ ಲೈನರ್ ಹಾಳಾಗುವುದು ಎಷ್ಟೋ ಸಲ ಬೋಲ್ಟಿನ ತಲೆ ಸವೆದು ಹಲಗೆ ಎದ್ದು ಬರುವುದರಿಂದ. ಬೋಲ್ಟನ್ನು ಇನ್ನಷ್ಟು ಒಳಕ್ಕೆ ಇಳಿಸಿ ಕೂರಿಸಲು ಖರ್ಚು ಮಾಡಿದ ದುಡ್ಡು ಕೊಳವೆಗೆ ಸುರಿದ ದುಡ್ಡಿಗಿಂತ ಹೆಚ್ಚು ದಿನ ಬಾಳುತ್ತದೆ. ಸಿಂಟರ್, ಪೆಲೆಟ್ ಘಟಕದ ಬಿಸಿ ಮಾಲಿನ ದಾರಿಗೆ ಈ ಹಲಗೆಯನ್ನು ಯೋಚಿಸಲೂಬೇಡಿ. ಪಾಲಿಎಥಿಲೀನ್ ಸುಮಾರು 135 ಡಿಗ್ರಿಗೆ ಕರಗುತ್ತದೆ, 80 ದಾಟುತ್ತಿದ್ದಂತೆಯೇ ಮೆತ್ತಗಾಗತೊಡಗುತ್ತದೆ. ಯಾವ ನ್ಯಾನೊ ಪುಡಿಯೂ ಆ ಅಂಕಿಯನ್ನು ಅಲುಗಾಡಿಸುವುದಿಲ್ಲ.

ಕಲ್ಲಿದ್ದಲಿನ ದಾರಿ ಬೇರೆ. ಕಲ್ಲಿದ್ದಲಿನ ದೂಳು ಗಾಳಿಯಲ್ಲಿ ಹರಡಿದಾಗ ಒಂದು ಕಿಡಿ ಸಾಕು. ಬರಿಯ ಪಾಲಿಎಥಿಲೀನ್ ಅಪ್ಪಟ ನಿರೋಧಕ, ಉಜ್ಜಿದಷ್ಟೂ ಸ್ಥಾಯಿ ವಿದ್ಯುತ್ ಕೂಡಿಡುತ್ತದೆ. ಕನ್ವೇಯರ್ ಬೆಲ್ಟಿನ ವಿಷಯದಲ್ಲಿ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 284ರ ಗರಿಷ್ಠ ಮಿತಿ ಮೇಲ್ಮೈ ರೋಧ (ವಿದ್ಯುತ್ ಹರಿಯಲು ಮೇಲ್ಮೈ ಒಡ್ಡುವ ತಡೆ) 30 ಕೋಟಿ ಓಮ್. ಲೈನರ್ ಮತ್ತು ಪ್ಲಾಸ್ಟಿಕ್ ರೋಲರುಗಳನ್ನು ಕೊಳ್ಳುವಾಗಲೂ ಹತ್ತು ಲಕ್ಷದಿಂದ ನೂರು ಕೋಟಿ ಓಮ್ ನಡುವೆ ಇರಲಿ ಎಂದು ಕೇಳಿ. ಹಾಗಾದರೆ ಇಲ್ಲಿ ಕೊಳವೆಯೇ ಬೇಕೇ? ಸ್ವಾರಸ್ಯವಿರುವುದು ಇಲ್ಲಿ. ಈ ಜಾತಿಯ ಪಾಲಿಎಥಿಲೀನ್ ಕರಗಿದರೂ ಹರಿಯುವುದಿಲ್ಲ, ಆದ್ದರಿಂದ ಎಕ್ಸ್‌ಟ್ರೂಡರಿನಲ್ಲಿ ಬೆರೆಸಲಾಗದು. ಪುಡಿಗೆ ಇಂಗಾಲವನ್ನು ಲೇಪಿಸಿ ಬಿಸಿ ಒತ್ತಡದಲ್ಲಿ ಹಲಗೆ ಒತ್ತುತ್ತಾರೆ. ಇಂಗಾಲ ಪುಡಿಯ ಕಣಗಳ ಒಳಗೆ ಹೋಗದೆ ಆ ಕಣಗಳ ಸಂದಿಯಲ್ಲೇ ಬಲೆಯಾಗಿ ಉಳಿಯುತ್ತದೆ. ಹೀಗೆ ಸಂದಿಗೆ ಸೀಮಿತವಾದಾಗ ವಾಹಕ ದರ್ಜೆಯ ಕಾರ್ಬನ್ ಬ್ಲ್ಯಾಕ್ ಕೂಡ ಕೆಲವೇ ಶೇಕಡಾದಲ್ಲಿ ಕೆಲಸ ಮುಗಿಸುತ್ತದೆ. ಕೊಳವೆಯ ಮುಖ್ಯ ಲಾಭವಾದ ಕಡಿಮೆ ಪ್ರಮಾಣ ಇಲ್ಲಿ ಅರ್ಧ ಕರಗಿಹೋಯಿತು. ಶಕ್ತಿನಗರಕ್ಕಾಗಲಿ ಕುಡತಿನಿಗಾಗಲಿ ಬಂಕರ್ ಲೈನರ್ ಕೊಡುವವರು ಕಾರ್ಬನ್ ಬ್ಲ್ಯಾಕ್ ದರ್ಜೆಯನ್ನೇ ಧೈರ್ಯವಾಗಿ ಕೊಡಬಹುದು.

ಅಕ್ಕಿ ಗಿರಣಿಯ ರೋಲರ್

ಸಿಂಧನೂರಿನ ಗಿರಣಿ ಸಾಹುಕಾರರೊಬ್ಬರು ಕೇಳಿದ್ದರು: "ಸರ್, ಹಂಗಾಮಿನಲ್ಲಿ ರಬ್ಬರ್ ರೋಲರ್ ಬೇಗ ಬೇಗ ಸವೆದು ಹೋಗುತ್ತಿದೆ. ನ್ಯಾನೊ ಹಾಕಿದ್ದು ಎರಡು ಪಟ್ಟು ಬಾಳುತ್ತದಂತೆ, ತರಿಸಲೇ?"

"ಬೇಡ ಸಾಹುಕಾರರೇ," ಎಂದೆ. "ನಿಮ್ಮ ರೋಲರ್ ಸವೆದದ್ದು ಎಲ್ಲಿಗೆ ಹೋಗುತ್ತದೆ ಹೇಳಿ."

ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರೋಲರುಗಳು ಬೇರೆ ಬೇರೆ ವೇಗದಲ್ಲಿ ಎದುರುಬದುರು ತಿರುಗುತ್ತವೆ. ಆ ವೇಗದ ವ್ಯತ್ಯಾಸವೇ ಹೊಟ್ಟನ್ನು ಕಿತ್ತುಹಾಕುವುದು. ರಬ್ಬರಿನ ಗಡಸುತನ ಶೋರ್ ಎ ಎಂಬ ಮಾಪಕದಲ್ಲಿ 90ರ ಆಸುಪಾಸು. ಸವೆದ ರಬ್ಬರು ಗಾಳಿಗೆ ಮಾಯವಾಗುವುದಿಲ್ಲ, ಹೊಟ್ಟಿನಲ್ಲಿ, ತೌಡಿನಲ್ಲಿ, ಅಕ್ಕಿಯ ಮೇಲೆ ಕೂರುತ್ತದೆ. ಕಪ್ಪು ರಬ್ಬರು ಅಕ್ಕಿಗೆ ಗೆರೆ ಎಳೆಯುತ್ತದೆ ಎಂದೇ ಬಿಳಿ ಅಥವಾ ಕಂದು ರೋಲರುಗಳನ್ನು ಸಿಲಿಕಾ ಬೆರೆಸಿ ಮಾಡುತ್ತಾರೆ. ಸವೆತ ತಡೆಯುವಷ್ಟು ನ್ಯಾನೊಟ್ಯೂಬ್ ಹಾಕಿದರೆ ರೋಲರ್ ಮತ್ತೆ ಕಪ್ಪೇ. ತೌಡು ಎಣ್ಣೆಗೆ ಹೋಗುತ್ತದೆ, ದನದ ಮೇವಿಗೆ ಹೋಗುತ್ತದೆ. ಶ್ವಾಸಕೋಶಕ್ಕೆ ಅಪಾಯವೆಂಬ ಅನುಮಾನವಿರುವ ಎಳೆಯನ್ನು ಆಹಾರದ ದಾರಿಯಲ್ಲಿ ಸವೆಯಲು ಬಿಡುವುದು ನನ್ನ ದೃಷ್ಟಿಯಲ್ಲಿ ಯಾವ ಲಾಭಕ್ಕೂ ಒಪ್ಪುವ ಮಾತಲ್ಲ. ಒಳ್ಳೆಯ ಸಿಲಿಕಾ, ಅದನ್ನು ರಬ್ಬರಿಗೆ ಬೆಸೆಯುವ ಸೈಲೇನ್, ಒಳ್ಳೆಯ ನೈಟ್ರೈಲ್ ರಬ್ಬರು, ಜೊತೆಗೆ ರೋಲರುಗಳ ನಡುವಿನ ಅಂತರ ಮತ್ತು ಭತ್ತದ ತೇವಾಂಶದ ಮೇಲೆ ನಿಗಾ, ಇಷ್ಟರಲ್ಲೇ ಬಾಳಿಕೆ ಹೆಚ್ಚಿಸಿಕೊಳ್ಳಬೇಕು.

ಬೇಗ ಮುಗಿಸಬಹುದಾದವು

ನೀರಿನ ಪೈಪು, ಹನಿ ನೀರಾವರಿಯ ಕೊಳವೆ, ಮಾಳಿಗೆಯ ಮೇಲಿನ ಕಪ್ಪು ತೊಟ್ಟಿ: ಇವುಗಳ ಶತ್ರು ಬಿಸಿಲು. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಪಾಲಿಎಥಿಲೀನ್ ಪೈಪಿನ ಭಾರತೀಯ ಮಾನಕ ಐಎಸ್ 4984 ಕೇಳುವುದು ಶೇಕಡಾ 2.5ರ ಆಸುಪಾಸು ಕಾರ್ಬನ್ ಬ್ಲ್ಯಾಕ್, ಚೆನ್ನಾಗಿ ಹರಡಿದ್ದು. ಕುಷ್ಟಗಿಯ ದಾಳಿಂಬೆ ತೋಟಕ್ಕೆ ಇಷ್ಟು ಸಾಕು. ಇಲ್ಲಿ ಬೇರೆ ಆಯ್ಕೆಯ ಮಾತೇ ಏಳುವುದಿಲ್ಲ.

ಅಗ್ಗದ ಬಿಗಿತ ಬೇಕು, ಪೆಟ್ಟು ತಾಳುವುದು ಅಷ್ಟು ಮುಖ್ಯವಲ್ಲ ಎಂದರೆ ಟಾಲ್ಕ್, ಸುಣ್ಣದಕಲ್ಲಿನ ಪುಡಿ, ಇಲ್ಲವೇ ನಮ್ಮ ಮನೆಬಾಗಿಲಲ್ಲೇ ಬಿದ್ದಿರುವ ಹಾರುಬೂದಿ. 1985ರಿಂದ ಕಲ್ಲಿದ್ದಲು ಸುಡುತ್ತಿರುವ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ಅಂಥ ಸ್ಥಾವರಗಳ ಬೂದಿಯಲ್ಲಿರುವ ಟೊಳ್ಳು ಗೋಲಿಗಳು ನೀರಿನಲ್ಲಿ ತೇಲುತ್ತವೆ. ಅವನ್ನು ಸೋಸಿ ಬೇರ್ಪಡಿಸಿ ರಾಳದಲ್ಲಿ ಬೆರೆಸಿದರೆ ಹಗುರವಾದ, ಒತ್ತಡ ತಾಳುವ ತುಂಡು ಸಿಗುತ್ತದೆ. ಇದರ ಮೇಲೆ ಒಂದಿಷ್ಟು ತಲೆ ಓಡಿಸುವವರು ಇಲ್ಲಿ ಹೆಚ್ಚಾಗಬೇಕು ಎಂಬುದು ನನ್ನ ಹಳೆಯ ಗೊಣಗಾಟ. ಗ್ರಾಫೀನ್ ಎಂಬ ಇಂಗಾಲದ ತೆಳು ಹಾಳೆಗಳ ಪುಡಿ ಬಿಸಿ ಸಾಗಿಸಲು, ಅನಿಲ ನುಸುಳದಂತೆ ತಡೆಯಲು ಕೊಳವೆಗಿಂತ ಒಳ್ಳೆಯದು. ಜೇಡಿಯ ಪದರಗಳೂ ಅನಿಲ ತಡೆಯಲು ಒಳ್ಳೆಯವು. ಟೊಯೊಟಾದವರು ಜೇಡಿ ಬೆರೆಸಿದ ನೈಲಾನನ್ನು ಕಾರಿನ ಟೈಮಿಂಗ್ ಬೆಲ್ಟಿನ ಮುಚ್ಚಳಕ್ಕೆ ಬಳಸಿದ್ದು ನ್ಯಾನೊ ಪದಾರ್ಥಗಳ ಮೊದಲ ಗೆಲುವುಗಳಲ್ಲಿ ಒಂದು.

ದೂಳಿನ ವಿಷಯ

ಪುಡಿ ಕೊಳ್ಳಬೇಡಿ ಎಂದದ್ದಕ್ಕೆ ಕಾರಣ ಇದು. ಉದ್ದನೆಯ, ನೆಟ್ಟನೆಯ ಹಲವು ಗೋಡೆಯ ಕೊಳವೆಗಳು ಇಲಿಗಳ ಹೊಟ್ಟೆಯ ಪೊರೆಯಲ್ಲಿ ಕಲ್ನಾರಿನಂತೆಯೇ ಉರಿಯೂತ ಉಂಟುಮಾಡಿದ್ದನ್ನು 2008ರಲ್ಲಿ ಸಂಶೋಧಕರು ತೋರಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಪರಿಶೀಲಿಸಿ ಒಂದು ನಿರ್ದಿಷ್ಟ ಬಗೆಯ ಕೊಳವೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿಗೆ ಸೇರಿಸಿತು. ಉಳಿದ ಕೊಳವೆಗಳನ್ನು ವರ್ಗೀಕರಿಸಲು ಪುರಾವೆ ಸಾಲದೆಂದಿತು. ಕಾರ್ಬನ್ ಬ್ಲ್ಯಾಕ್ ಕೂಡ 2ಬಿ ಗುಂಪಿನಲ್ಲೇ ಇದೆ, ಆದ್ದರಿಂದ ಗುಂಪಿನ ಹೆಸರೊಂದರಿಂದ ತೀರ್ಮಾನಿಸಲಾಗದು. ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯ, ಸುರಕ್ಷತೆಯನ್ನು ಅಧ್ಯಯನ ಮಾಡುವ ನಯಾಶ್ (NIOSH) ಸಂಸ್ಥೆ ಕೆಲಸದ ಜಾಗದ ಗಾಳಿಗೆ ಶಿಫಾರಸು ಮಾಡಿದ ಮಿತಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಬನ್ ಬ್ಲ್ಯಾಕಿಗೆ ಘನ ಮೀಟರಿಗೆ 3.5 ಮಿಲಿಗ್ರಾಂ. ಕೊಳವೆಗೆ, 2013ರಿಂದ, 1 ಮೈಕ್ರೊಗ್ರಾಂ. ಮೂರೂವರೆ ಸಾವಿರ ಪಟ್ಟು ಬಿಗಿ.

ಒಂದು ಕಿಲೋ ಕೊಳವೆ ಪುಡಿ 10 ಲೀಟರಿಗೂ ಹೆಚ್ಚು ಜಾಗ ತುಂಬುವಷ್ಟು ಹಗುರ. ಚೀಲ ಬಿಚ್ಚಿದರೆ ಹೊಗೆಯಂತೆ ಏಳುತ್ತದೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೆ ದೊಡ್ಡ ಫ್ಯಾನು ತಿರುಗುತ್ತಿರುವಾಗ ಹಾಪರಿಗೆ ಪುಡಿ ಸುರಿಯುವ ಹುಡುಗ ಎಂಟು ಗಂಟೆ ಬಿಗಿ ಮುಖಗವಸು ಹಾಕಿಕೊಂಡಿರುತ್ತಾನೆ ಎಂದು ನಂಬುವವರು ಶೆಡ್ಡಿನೊಳಗೆ ನಿಂತು ನೋಡಿಲ್ಲ. ಗವಸನ್ನು ನೆಚ್ಚಿಕೊಳ್ಳದೆ ದೂಳೇ ಏಳದ ರೂಪದಲ್ಲಿ ಮಾಲು ತರಿಸುವುದೇ ದಾರಿ. ಪ್ಲಾಸ್ಟಿಕ್ಕಿಗಾದರೆ ಶೇಕಡಾ 15–20 ಕೊಳವೆ ಸೇರಿಸಿದ ಮಾಸ್ಟರ್‌ಬ್ಯಾಚ್ ಕಾಳು, ಎಪಾಕ್ಸಿಗಾದರೆ ದ್ರವ ರೂಪದ ಸಾಂದ್ರ. ಇದು ವಿದ್ಯುತ್ ಫಲಕಗಳಿಗೂ ಕ್ಷೇಮ. ಕೊಳವೆಯ ದೂಳು ವಿದ್ಯುತ್ ಹರಿಸುವಂಥದ್ದು, ಪ್ಯಾನಲ್ಲಿನೊಳಗೆ ಕೂತರೆ ಶಾರ್ಟ್ ಆಗುವ ಭಯವಿದೆ. ಅಚ್ಚಾದ ತುಂಡನ್ನು ಗರಗಸದಲ್ಲಿ ಕೊಯ್ಯುವಾಗ, ಉಜ್ಜುವಾಗ ನೀರು ಹಾಯಿಸಿ. ಕಸಪೊರಕೆ, ಗಾಳಿ ಪೈಪು ಎರಡನ್ನೂ ದೂರ ಇಡಿ, ಸೂಕ್ಷ್ಮ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ.

ಕೊಳ್ಳುವಾಗ, ಪರೀಕ್ಷಿಸುವಾಗ

ಮಾಸ್ಟರ್‌ಬ್ಯಾಚಿನ ಲೆಕ್ಕ ಸುಲಭ. ಶೇಕಡಾ 15ರ ಮಾಸ್ಟರ್‌ಬ್ಯಾಚಿನಿಂದ ಶೇಕಡಾ 3ರ ಮಾಲು ಬೇಕಾದರೆ 100 ಕಿಲೋದಲ್ಲಿ 20 ಕಿಲೋ ಮಾಸ್ಟರ್‌ಬ್ಯಾಚ್, 80 ಕಿಲೋ ಸಾದಾ ಪ್ಲಾಸ್ಟಿಕ್. ಆ 20 ಕಿಲೋದಲ್ಲಿ 17 ಕಿಲೋ ಮಾರುವವರ ಪ್ಲಾಸ್ಟಿಕ್ಕೇ ಇರುತ್ತದೆ ಎಂಬುದನ್ನು ಮರೆಯಬೇಡಿ. ಅದು ನಿಮ್ಮ ಪ್ಲಾಸ್ಟಿಕ್ಕಿನ ಜಾತಿಯದೇ ಎಂದು ಕೇಳಿ ಬರೆಸಿಕೊಳ್ಳಿ. ಕೊಳವೆಗಳ ಸರಾಸರಿ ಉದ್ದ, ದಪ್ಪ, ಸುಟ್ಟ ಮೇಲೆ ಉಳಿಯುವ ಬೂದಿಯ ಪ್ರಮಾಣವನ್ನೂ ಕೇಳಿ. ಬೂದಿ ಹೆಚ್ಚಿದ್ದರೆ ಕೊಳವೆ ಬೆಳೆಸಲು ಬಳಸಿದ ಲೋಹದ ವೇಗವರ್ಧಕ ತೊಳೆಯದೆ ಉಳಿದಿದೆ ಎಂದರ್ಥ. ಆಮ್ಲದಲ್ಲಿ ತೊಳೆದು ಮೇಲ್ಮೈ ಬದಲಿಸಿದ ಕೊಳವೆಯನ್ನು ಹೆಚ್ಚು ಬೆಲೆಗೆ ತೋರಿಸುತ್ತಾರೆ. ಅದು ರಾಳಕ್ಕೆ ಚೆನ್ನಾಗಿ ಅಂಟುತ್ತದೆ ನಿಜ, ಆದರೆ ಅದರ ವಿದ್ಯುತ್ ಹರಿಸುವ ಗುಣ ಕುಗ್ಗಿರುತ್ತದೆ. ವಿದ್ಯುತ್ತಿಗಾಗಿ ಕೊಳ್ಳುತ್ತಿರುವವರಿಗೆ ಅದು ಬೇಡ.

ಪರೀಕ್ಷೆಗೆ ಮಾದರಿ ತುಂಡುಗಳನ್ನು ನಿಮ್ಮದೇ ಅಚ್ಚಿನಲ್ಲಿ ಒತ್ತಿಸಿ. ಸಾದಾ ಪ್ಲಾಸ್ಟಿಕ್, ಕಾರ್ಬನ್ ಬ್ಲ್ಯಾಕ್ ಮಿಶ್ರಣ, ಕೊಳವೆಯ ಮೂರು ಬೇರೆ ಪ್ರಮಾಣಗಳು. ಮೇಲ್ಮೈ ರೋಧವನ್ನು ಒಂದೇ ಜಾಗದಲ್ಲಿ ಅಳೆದು ಸುಮ್ಮನಾಗಬೇಡಿ. ಪ್ಲಾಸ್ಟಿಕ್ ಒಳನುಗ್ಗುವ ಗೇಟಿನ ಹತ್ತಿರ, ದೂರದ ತುದಿಯಲ್ಲಿ, ಎರಡೂ ಕಡೆ ಅಳೆಯಿರಿ. ವೇಗವಾಗಿ ನುಗ್ಗಿಸಿದಾಗ ಮೇಲ್ಪದರದ ಕೊಳವೆಗಳು ಹರಿವಿನ ದಿಕ್ಕಿಗೆ ಸಾಲುಗಟ್ಟಿ ಪರಸ್ಪರ ತಾಗುವುದೇ ನಿಲ್ಲುತ್ತದೆ. ಆಗ ಒಳಗೆ ವಾಹಕವಾಗಿದ್ದರೂ ಹೊರಮೈ ನಿರೋಧಕವಾಗಿಬಿಡುತ್ತದೆ. ಹೀಗಾದರೆ ಇನ್ನಷ್ಟು ಮಾಸ್ಟರ್‌ಬ್ಯಾಚ್ ಸುರಿಯುವ ಮೊದಲು ಇಂಜೆಕ್ಷನ್ ವೇಗ ತಗ್ಗಿಸಿ, ಕರಗಿದ ಪ್ಲಾಸ್ಟಿಕ್ಕಿನ ಉಷ್ಣಾಂಶ ಏರಿಸಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ರೋಧ ಇಳಿಯುತ್ತದೆ. ಪೆಟ್ಟಿನ ಪರೀಕ್ಷೆಯನ್ನು ಬಿಡಬೇಡಿ. ಅರೆಬರೆ ಹರಡಿದ ಕೊಳವೆಯ ಉಂಡೆಗಳೇ ಬಿರುಕಿನ ಮೊದಲ ಮನೆ, ಅದು ಎಳೆಯುವ ಪರೀಕ್ಷೆಗಿಂತ ಪೆಟ್ಟಿನಲ್ಲಿ ಬೇಗ ಬಯಲಾಗುತ್ತದೆ. ಅಧಿಕೃತ ವರದಿ ಬೇಕಾದವರಿಗೆ ಪ್ಲಾಸ್ಟಿಕ್ ಪರೀಕ್ಷೆ, ತರಬೇತಿ ನಡೆಸುವ ಮೈಸೂರಿನ ಸಿಪೆಟ್‌ನಂಥ ಸಂಸ್ಥೆಗಳಿವೆ.

ಉಳಿದ ಚೂರು, ಗೇಟಿನ ತುಂಡುಗಳನ್ನು ಅರೆದು ಮತ್ತೆ ಬಳಸಬಹುದು. ಗಾಜಿನ ಎಳೆ ಪ್ರತಿ ಸಲ ಅರೆದಾಗಲೂ ತುಂಡಾಗಿ ಬಲ ಕಳೆದುಕೊಳ್ಳುತ್ತದೆ, ಕೊಳವೆ ಬೆರೆಸಿದ ಮಾಲು ಅಷ್ಟು ಕೆಡುವುದಿಲ್ಲ. ಆದರೆ ಈ ಕಪ್ಪು ಕಾಳಿನ ಚೀಲ ಬೇರೆ ಕಪ್ಪು ಮಾಲಿನ ಪಕ್ಕ ಕೂತರೆ ಕಣ್ಣಿಗೆ ಗುರುತು ಸಿಗುವುದಿಲ್ಲ. ಅದೇ ಯಂತ್ರದಲ್ಲಿ ಮರುದಿನ ಸ್ವಿಚ್ ಬಾಕ್ಸ್ ಒತ್ತುವವರಿದ್ದರೆ ನಿರೋಧಕವಾಗಿರಬೇಕಾದ ಪೆಟ್ಟಿಗೆಯೊಳಕ್ಕೆ ವಾಹಕ ಪ್ಲಾಸ್ಟಿಕ್ ನುಸುಳುತ್ತದೆ. ಆದ್ದರಿಂದ ಚೀಲಕ್ಕೆ ಬಣ್ಣದ ಪಟ್ಟಿ ಅಂಟಿಸಿ, ಬೇರೆ ಕೋಣೆಯಲ್ಲಿಟ್ಟು, ಯಂತ್ರ ಬದಲಿಸುವ ಮೊದಲು ಬ್ಯಾರೆಲ್ಲನ್ನು ಸಾದಾ ಪ್ಲಾಸ್ಟಿಕ್ಕಿನಿಂದ ಪೂರ್ತಿ ತೊಳೆದು, ಮೊದಲ ಕೆಲವು ತುಂಡುಗಳ ರೋಧ ಅಳೆದೇ ಮುಂದುವರಿಯಿರಿ.